ಎಳೆಯುವ ಗಾಡಿಗೆ ಯಾವ ರಸ್ತೆ? ಕ್ಯಾರವಾನ್ ಕನಸು ಮತ್ತು ಟ್ರಾಕ್ಟರ್ ವಾಸ್ತವ

ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಪಾರ್ಕಿಂಗ್‌ನಲ್ಲಿ ಒಂದು ಭಾನುವಾರ ನಿಂತು ನೋಡಿ. ಇನ್ನೋವಾ, ಎರ್ಟಿಗಾ, ಮಧ್ಯೆ ಸಾಲು ಸಾಲು ಟಿಟಿಗಳು. ಒಳಗೆ ಏಳು ಜನ, ಮೇಲೆ ಲಗೇಜು. ಆದರೆ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಬಂದ ಕಾರು ಕಾಣಲ್ಲ. ಅಲ್ಲಿಂದ ಹೆದ್ದಾರಿಗೆ ಬಂದರೆ, ಇನ್ನೊಂದು ಗಾಡಿಯನ್ನು ಎಳೆದುಕೊಂಡು ಹೋಗುವವರು ಎಷ್ಟು ಬೇಕಾದರೂ ಸಿಗುತ್ತಾರೆ. ಅವರೆಲ್ಲ ಟ್ರಾಕ್ಟರ್‌ನವರು.

ಈ ಎರಡನ್ನೂ ಒಟ್ಟಿಗೇ ನೋಡಬೇಕು ಅನ್ನುವುದು ನನ್ನ ವಾದ.

ಕ್ಯಾರವಾನ್ ಪ್ರವಾಸದ ಮಾತು ಈಗ ಜೋರಾಗಿದೆ. ಕೇರಳ 2021ರಲ್ಲೇ ಅದಕ್ಕೊಂದು ನೀತಿ ತಂದಿತು. ಆದರೆ ನಮ್ಮ ಕಡೆ ಕ್ಯಾರವಾನ್ ಎಂದರೆ ಸಾಮಾನ್ಯವಾಗಿ ಬಸ್ಸಿನಂಥ ಒಂದೇ ಗಾಡಿ. ಮನೆಯ ಕಾರಿಗೇ ಡಬ್ಬಿ ಕಟ್ಟಿ ಎಳೆಯುವುದು ಇಲ್ಲಿ ರೀಲ್ಸ್ ದಾಟಿ ಮುಂದೆ ಬಂದಿಲ್ಲ. ಯಾಕೆ? ನಮ್ಮ ಕಾರುಗಳಿಗೆ ತಾಕತ್ತಿಲ್ಲ ಅಂತ ಹೇಳುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಕ್ರಿಸ್ಟಾ ಡೀಸೆಲ್‌ಗೆ ಲಾರಿಯ ಹಾಗೆ ಪ್ರತ್ಯೇಕ ಚಾಸಿ ಇದೆ, ಹಿಂದಿನ ಚಕ್ರ ತಿರುಗುತ್ತದೆ, 343 ನ್ಯೂಟನ್ ಮೀಟರ್ ಟಾರ್ಕ್ ಇದೆ. ಸಣ್ಣ ಕ್ಯಾರವಾನ್ ಎಳೆಯುವುದು ಅದಕ್ಕೆ ದೊಡ್ಡ ವಿಷಯವಲ್ಲ.

ಕಷ್ಟ ಇರುವುದು ನಿಲ್ಲಿಸುವುದರಲ್ಲಿ. ಕುಶಾಲನಗರ ದಾಟಿ ಮಡಿಕೇರಿ ಏರು ಶುರುವಾದರೆ ಕ್ಲಚ್ಚು ಕಾಯುತ್ತದೆ, ಇಳಿಯುವಾಗ ಬ್ರೇಕು ಕಾಯುತ್ತದೆ. ಹಿಂದಿನ ಡಬ್ಬಿಗೆ ಅದರದೇ ಬ್ರೇಕ್ ಇಲ್ಲದಿದ್ದರೆ ಇಳಿಜಾರಿನಲ್ಲಿ ಅದು ಕಾರನ್ನೇ ತಳ್ಳುತ್ತದೆ. ಭಾರವೆಲ್ಲ ಡಬ್ಬಿಯ ಹಿಂಭಾಗದಲ್ಲಿದ್ದರೆ ವೇಗ ಏರಿದಂತೆ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ. ಹಾಗಾಗಿ ‘ಈ ಗಾಡಿ ನಂಬಬಹುದಾ?’ ಅನ್ನುವ ಪ್ರಶ್ನೆಗೆ ಉತ್ತರ ಬರೀ ಎಂಜಿನ್‌ನಲ್ಲಿ ಸಿಗಲ್ಲ. ಯುರೋಪಿನಲ್ಲಿ ಯಾವ ಕಾರು ಎಷ್ಟು ಎಳೆಯಬಹುದು ಅಂತ ಕಂಪನಿಯೇ ಹೇಳುತ್ತದೆ, ಲೈಸೆನ್ಸಿಗೂ ತೂಕದ ಮಿತಿ ಇದೆ. ನಾನು ಇಲ್ಲೊಂದು ಶೋರೂಮಿನಲ್ಲಿ ಕೇಳಿದೆ. ‘ಸರ್, ಅದನ್ನ ಯಾರೂ ಕೇಳಲ್ಲ’ ಅಂದ ಹುಡುಗ. ಅವನ ತಪ್ಪೇನಿಲ್ಲ ಬಿಡಿ.

ಕಾನೂನಿನಲ್ಲಿ ಟ್ರೇಲರ್ ಪ್ರತ್ಯೇಕ ವಾಹನ, ಅದಕ್ಕೆ ಬೇರೆಯೇ ನೋಂದಣಿ ಬೇಕು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಮಾರ್ಪಾಡು ಮಾಡಬಾರದು ಅನ್ನುತ್ತದೆ. ಗ್ಯಾರೇಜಿನಲ್ಲಿ ವೆಲ್ಡ್ ಮಾಡಿಸಿದ ಕೊಕ್ಕೆ ಅಪಘಾತವಾದ ದಿನ ಇನ್ಶೂರೆನ್ಸ್ ತಕರಾರಿಗೆ ದಾರಿ ಮಾಡಿಕೊಡಬಹುದು.

ಇಷ್ಟೆಲ್ಲ ಪ್ರಶ್ನೆಯನ್ನು ಕ್ಯಾರವಾನ್‌ಗೆ ಕೇಳುತ್ತೇವಲ್ಲ, ಟ್ರಾಕ್ಟರ್ ಟ್ರೇಲರ್‌ಗೆ ಯಾರು ಕೇಳಿದರು? ಹುಣಸೂರು, ಪಿರಿಯಾಪಟ್ಟಣ ತಂಬಾಕಿನ ಸೀಮೆ. ಬ್ಯಾರನ್‌ಗೆ ಸೌದೆ, ಹೊಲಕ್ಕೆ ಗೊಬ್ಬರ, ಮಾರುಕಟ್ಟೆಗೆ ಜೋಳ, ಶುಂಠಿ, ಎಲ್ಲ ಟ್ರೇಲರ್ ಮೇಲೇ. ನಾನು ಕಂಡ ಎಷ್ಟೋ ಟ್ರೇಲರ್‌ಗಳಿಗೆ ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಕೂಡ ಇಲ್ಲ. ಕತ್ತಲಲ್ಲಿ ವೇಗವಾಗಿ ಬರುವ ಕಾರಿನವನಿಗೆ ಅದು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಸಾಯುವವರು ಎರಡೂ ಕಡೆಯವರು.

ಸರ್ಕಾರಕ್ಕೆ ಸುಲಭವಾಗಿ ಹೊಳೆಯುವ ಪರಿಹಾರ ನಿಷೇಧ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇನ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಸುರಕ್ಷತೆಯ ಕಾರಣ ಸುಳ್ಳೇನಲ್ಲ, ವೇಗದ ಅಂತರವೇ ಕೊಲ್ಲುತ್ತದೆ. ಆದರೆ ಹೊರಗಿಟ್ಟವರಿಗೆ ಕೊಟ್ಟ ಸರ್ವೀಸ್ ರಸ್ತೆ ಎಷ್ಟು ಸರಿ ಇದೆ ಅಂತ ಆ ದಾರಿಯ ಹಳ್ಳಿಯವರನ್ನೇ ಕೇಳಿ.

ಈಗ ಸರದಿ ನಮ್ಮದು. ಅದೇ ವರ್ಷ ಮಾರ್ಚ್ 12ರಂದು ಪ್ರಧಾನಿ ಮಂಡ್ಯದಲ್ಲಿ ಮೈಸೂರು-ಕುಶಾಲನಗರ ಚತುಷ್ಪಥಕ್ಕೂ ಶಂಕುಸ್ಥಾಪನೆ ಮಾಡಿದರು. 92 ಕಿ.ಮೀ., ಸುಮಾರು 4,130 ಕೋಟಿ ರೂಪಾಯಿ. ಕೊಡಗಿನ ಪ್ರವಾಸಿಗೆ ಒಳ್ಳೆಯದೇ, ನಾಳೆ ಕ್ಯಾರವಾನ್ ಬಂದರೆ ಅದಕ್ಕೂ ಒಳ್ಳೆಯದು. ಇಲ್ಲೂ ಟ್ರಾಕ್ಟರ್ ನಿಷೇಧ ಬಂದರೆ ಮಾತ್ರ, ಎರಡೂ ಬದಿಗೆ ಮಧ್ಯೆ ತುಂಡಾಗದ ಸರ್ವೀಸ್ ರಸ್ತೆ ಮೊದಲು ಇರಬೇಕು. ಟ್ರೇಲರ್‌ಗೆ ದೀಪ, ರಿಫ್ಲೆಕ್ಟರ್ ಹಾಕಿಸುವ ಕೆಲಸಕ್ಕೂ ದಂಡದ ರಸೀದಿ ಸಾಲದು. ಸೀಸನ್‌ನಲ್ಲಿ ರೈತರು ಹೇಗೂ ತಂಬಾಕು ಮಂಡಳಿಯ ಹರಾಜು ಕಟ್ಟೆಗೆ ಬರುತ್ತಾರೆ. ಆರ್‌ಟಿಒದವರು ಅಲ್ಲಿಗೇ ಬಂದು ಪುಕ್ಕಟೆ ಹಚ್ಚಿಕೊಡಲಿ. 4,130 ಕೋಟಿಯ ಯೋಜನೆ ಪಕ್ಕದಲ್ಲಿ ಕೆಂಪು ಸ್ಟಿಕ್ಕರ್‌ನ ಖರ್ಚು ಎಷ್ಟಾದೀತು?