ಸಹಿ ನಮ್ಮದು, ಭಾಷೆ ಯಾರದು?

ಗ್ಯಾರಂಟಿ ಅಂದರೆ ಈಗ ನಿಮಗೆ ನೆನಪಾಗುವುದು ಗೃಹಲಕ್ಷ್ಮಿಯ 2000 ರೂಪಾಯಿ, ಹೆಣ್ಣುಮಕ್ಕಳ ಪುಕ್ಕಟೆ ಬಸ್ಸು. ಗೆಳೆಯರೇ, ನಮ್ಮ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಸಣ್ಣ ಗುತ್ತಿಗೆದಾರನಿಗೆ ಇನ್ನೊಂದು ಗ್ಯಾರಂಟಿ ಇದೆ. ಅದು ಕೊಡುವ ಗ್ಯಾರಂಟಿಯಲ್ಲ, ಕಸಿದುಕೊಳ್ಳುವ ಗ್ಯಾರಂಟಿ. ಅದರ ಹೆಸರು ಬ್ಯಾಂಕ್ ಗ್ಯಾರಂಟಿ!

ನಾನು ಪಿಯುಸಿ ಓದಿದವನು. ಇಪ್ಪತ್ತು ವರ್ಷದಿಂದ ಪ್ರೆಸ್ಸು ನಡೆಸುತ್ತಿದ್ದೇನೆ. ಮದುವೆಯ ಕರೆಯೋಲೆಯಲ್ಲಿ ಒಂದು ಕೊಂಬು ತಪ್ಪಿದರೂ ಕರಡು ಹೊರಳಿ ತಿದ್ದುತ್ತೇನೆ. ಅಂಥ ನಾನು ಹನ್ನೊಂದು ಪುಟದ ಇಂಗ್ಲಿಷ್ ಕಾಗದಕ್ಕೆ ಓದದೆ ಸಹಿ ಹಾಕಿದೆ. ಹಾನಗಲ್ಲ ಕಡೆಯ ಗೆಳೆಯನಿಗೆ ಒಂದು ಸೇತುವೆ ಕೆಲಸ ಸಿಕ್ಕಿತ್ತು. ಇಲಾಖೆ ಆರು ಲಕ್ಷದ ಗ್ಯಾರಂಟಿ ಕೇಳಿತು, ಬ್ಯಾಂಕು ಅದಕ್ಕೆ ಅಡಮಾನ ಕೇಳಿತು. ನನ್ನ ಪ್ರೆಸ್ಸಿನ ಕಟ್ಟಡದ ಪತ್ರ ಕೊಟ್ಟೆ. ಸೇತುವೆಯ ಆಚೆ ಬದಿಯ ಜಾಗವನ್ನು ಇಲಾಖೆ ಬಿಡಿಸಿಕೊಡಲಿಲ್ಲ, ಕೆಲಸ ನಿಂತಿತು. ಗ್ಯಾರಂಟಿಯ ಅವಧಿ ಮುಗಿಯಲು ಎಂಟು ದಿನ ಇರುವಾಗ ಸಾಹೇಬರು ಬ್ಯಾಂಕಿಗೆ ಒಂದು ಕಾಗದ ಕಳಿಸಿದರು. ದುಡ್ಡು ಹೋಯಿತು! ಗೆಳೆಯನಿಗೆ ಗೊತ್ತಾದದ್ದು ಮೊಬೈಲಿಗೆ ಬಂದ ಸಂದೇಶದಿಂದ.

"ತಪ್ಪು ಅವರದು, ರೊಕ್ಕ ನಂದ್ಯಾಕ ಹೋತು?" ಎಂದು ಅವನು ಕೇಳಿದ. ಮನೆಗೆ ಬಂದು ಕಾಗದ ತೆಗೆದು ನೋಡಿದೆ. ಅದರಲ್ಲಿ 'ವಿದೌಟ್ ಡೆಮರ್' ಎಂದಿತ್ತು. ನಿಘಂಟು ತಿರುವಿದೆ. ಚಕಾರವೆತ್ತದೆ, ತಕರಾರಿಲ್ಲದೆ ಎಂದರ್ಥ. ಅಂದರೆ ಇಲಾಖೆ ಕೇಳಿದ ಕೂಡಲೇ ಬ್ಯಾಂಕು ಕೊಡಬೇಕು. ಕೆಲಸ ಕೆಡಿಸಿದವರು ಯಾರು ಎಂದು ಬ್ಯಾಂಕು ಕೇಳುವಂತಿಲ್ಲ. ಕೊಟ್ಟಮೇಲೆ ಅದೇ ದುಡ್ಡನ್ನು ಬಡ್ಡಿ ಸಮೇತ ಗುತ್ತಿಗೆದಾರನಿಂದ ವಸೂಲಿ ಮಾಡುತ್ತದೆ. ಅಡವಿಟ್ಟ ಆಸ್ತಿಗೆ ಕೈಹಾಕಲು 2002ರ ಸರ್ಫೇಸಿ ಕಾಯ್ದೆ ಇದೆ, ಕೋರ್ಟಿಗೆ ಹೋಗುವ ಗೋಜೂ ಇಲ್ಲ. ಹೊಲಕ್ಕೆ ಆ ಕಾಯ್ದೆಯಿಂದ ವಿನಾಯಿತಿ ಇದೆ. ಪ್ರೆಸ್ಸಿಗೆ ಇಲ್ಲ.

ಕೋರ್ಟು ತಡೆಯುವುದಿಲ್ಲವೇ? ತಡೆಯುವುದು ಅಪರೂಪ. 1987ರಲ್ಲಿ ಉತ್ತರ ಪ್ರದೇಶದ ಒಂದು ವನಸ್ಪತಿ ಕಾರ್ಖಾನೆ ಕಟ್ಟುವ ಗುತ್ತಿಗೆಯ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ಹೇಳಿತು: ಗ್ಯಾರಂಟಿಯೇ ಬೇರೆ, ಗುತ್ತಿಗೆಯ ಜಗಳವೇ ಬೇರೆ. ಘೋರ ವಂಚನೆ ಇರಬೇಕು, ಇಲ್ಲವೇ ಮುಂದೆ ಸರಿಪಡಿಸಲಾಗದ ಅನ್ಯಾಯ ಆಗುವಂತಿರಬೇಕು. 1996ರ ಹಿಂದೂಸ್ತಾನ್ ಸ್ಟೀಲ್‌ವರ್ಕ್ಸ್ ಮತ್ತು ತಾರಾಪುರ್ ಕಂಪನಿಯ ಮೊಕದ್ದಮೆಯಲ್ಲೂ ಇದೇ ಮಾತು. ಪಂಚಾಯ್ತಿಗೆ ಕೂತಿದ್ದೇವೆ ಎಂಬ ಒಂದೇ ಕಾರಣಕ್ಕೆ ಗ್ಯಾರಂಟಿ ನಿಲ್ಲುವುದಿಲ್ಲ.

ಆದರೆ 1999ರಲ್ಲಿ ಏನಾಯಿತು ನೋಡಿ! ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ ಬಿಹಾರ ಸರ್ಕಾರದ ವಿರುದ್ಧ ಅದೇ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಅಲ್ಲಿನ ಗ್ಯಾರಂಟಿಯಲ್ಲಿ ಷರತ್ತು ಇತ್ತು. ದುಡ್ಡು ಕೇಳುವ ಅಧಿಕಾರ ಮುಖ್ಯ ಇಂಜಿನಿಯರಿಗೆ ಇತ್ತು, ಕೇಳಿದ್ದು ಕಾರ್ಯನಿರ್ವಾಹಕ ಇಂಜಿನಿಯರು. ಆ ಕಾಗದ ನಡೆಯುವುದಿಲ್ಲ ಎಂದಿತು ಕೋರ್ಟು. ದೊಡ್ಡ ಕಂಪನಿಗೆ ಕಾಗದ ಓದುವ ವಕೀಲರಿದ್ದರು ಸ್ವಾಮಿ! ಕಾಗದದಲ್ಲಿ ಯಾವ ಪದ ಇದೆ ಎಂಬುದರ ಮೇಲೇ ಲಕ್ಷಗಟ್ಟಲೆ ದುಡ್ಡು ನಿಂತಿರುವಾಗ, ಆ ಪದ ನಮ್ಮವನಿಗೆ ಓದಲು ಬಾರದ ಭಾಷೆಯಲ್ಲಿ ಏಕೆ?

ರಾಜಭಾಷೆಯ ಕಾಯ್ದೆ 1963ರಲ್ಲೇ ಆಯಿತು. ಗ್ಯಾರಂಟಿಯ ನಮೂನೆ ಮಾತ್ರ ಇನ್ನೂ ಇಂಗ್ಲಿಷಿನಲ್ಲಿದೆ. ಅರ್ಥ ಕೇಳೋಣವೆಂದರೆ ಬ್ಯಾಂಕಿನ ಮೇಜಿನಾಚೆ ಕೂತವರಿಗೆ ಕನ್ನಡ ಬಾರದು! ಮೈಸೂರು ಬ್ಯಾಂಕು 2017ರಲ್ಲಿ ಹೋಯಿತು, ವಿಜಯಾ 2019ರಲ್ಲಿ, ಸಿಂಡಿಕೇಟು, ಕಾರ್ಪೊರೇಷನ್ 2020ರಲ್ಲಿ. ಈ ನೆಲದಲ್ಲಿ ಹುಟ್ಟಿದ ನಾಲ್ಕು ಹೆಸರು ನಾಲ್ಕೇ ವರ್ಷದಲ್ಲಿ ಅಳಿಸಿಹೋದಾಗ ನಾವೆಲ್ಲ ಎಲ್ಲಿದ್ದೆವು?

ಗ್ಯಾರಂಟಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಮುಂಗಡ ನುಂಗಿ ಓಡಿಹೋಗುವ ಗುತ್ತಿಗೆದಾರರೂ ಇದ್ದಾರೆ. ಈಜಿಪುರದ ಮೇಲ್ಸೇತುವೆ 2017ರಲ್ಲಿ ಶುರುವಾಗಿ, ಅರ್ಧಕ್ಕೆ ನಿಂತು, 2022ರಲ್ಲಿ ಗುತ್ತಿಗೆಯೇ ರದ್ದಾಯಿತು. ಆ ಬೋಳು ಕಂಬಗಳನ್ನು ನೀವೇ ದಿನಾ ನೋಡಿದ್ದೀರಿ. ಜನರ ದುಡ್ಡಿಗೆ ಭದ್ರತೆ ಬೇಕೇ ಬೇಕು. ನಾವು ಕೇಳುವುದು ಇಷ್ಟೇ: ಟೆಂಡರಿನ ಜೊತೆ ಗ್ಯಾರಂಟಿಯ ನಮೂನೆ ಕನ್ನಡದಲ್ಲಿ ಇರಲಿ. ಯಾವ ಅಧಿಕಾರಿ, ಯಾವ ಕಾರಣಕ್ಕೆ, ಎಷ್ಟು ದಿನದ ನೋಟೀಸು ಕೊಟ್ಟು ದುಡ್ಡು ಕೇಳಬಹುದು ಎಂಬುದು ಅದರಲ್ಲೇ ಅಚ್ಚಾಗಲಿ. ಕಾಗದ ಹೋದ ದಿನವೇ ಅದರ ಪ್ರತಿ ಗುತ್ತಿಗೆದಾರನ ಕೈಗೂ ಸಿಗಲಿ, ತಡೆಯಾಜ್ಞೆ ಕೇಳುವುದಾದರೆ ದುಡ್ಡು ಹೋಗುವ ಮೊದಲೇ ಕೇಳಬೇಕಲ್ಲ.

ಬೆಂಗಳೂರು, ಹುಬ್ಬಳ್ಳಿಯಲ್ಲಿ ಕಾನೂನು ಓದುತ್ತಿರುವ ಕನ್ನಡದ ಹುಡುಗರೇ, ಆ ಹನ್ನೊಂದು ಪುಟ ಕನ್ನಡಕ್ಕೆ ತನ್ನಿ. ಅಚ್ಚು ಹಾಕುವ ಖರ್ಚು ನನ್ನದು. ಸವಣೂರಿನ ಸಂತೆಯಲ್ಲಿ, ಹಿರೇಕೆರೂರಿನ ಬಸ್ ನಿಲ್ದಾಣದಲ್ಲಿ ನಾನೇ ನಿಂತು ಹಂಚುತ್ತೇನೆ. ಪ್ರೆಸ್ಸು ಇನ್ನೂ ನನ್ನ ಕೈಯಲ್ಲಿದೆ, ಅದರ ಪತ್ರ ಮಾತ್ರ ಬ್ಯಾಂಕಿನಲ್ಲಿದೆ.