ಐವತ್ತೈದು ಕೋಟಿಯ ಸಬೂಬು

ಪಾಕಿಸ್ತಾನಕ್ಕೆ 55 ಕೋಟಿ ರೂಪಾಯಿ ಕೊಡಿಸಲು ಗಾಂಧೀಜಿ ಉಪವಾಸ ಕೂತರು, ಅದನ್ನು ಸಹಿಸಲಾರದೆ ನಾಥೂರಾಮ್ ಗೋಡ್ಸೆ ಗುಂಡು ಹಾರಿಸಿದ ಎಂಬ ಮಾತು ಈಗ ಮದುವೆ ಮನೆಗಳಲ್ಲೂ ಕೇಳಿಬರುತ್ತದೆ. ಹಾಗೆನ್ನುವವರು ಒಮ್ಮೆ ತಾರೀಖುಗಳನ್ನು ಸಾಲಾಗಿಟ್ಟು ನೋಡಬೇಕು.

ಉಪವಾಸದ ನಿರ್ಧಾರ ಹೊರಬಿದ್ದದ್ದು 1948ರ ಜನವರಿ 12ರಂದು. ಹಣ ಕೊಡಲು ಕೇಂದ್ರ ಸಂಪುಟ ಒಪ್ಪಿದ್ದು 15ರಂದು. ಪುಣೆಯಲ್ಲಿ ಗೋಡ್ಸೆಯ ಸಹಚರ ನಾರಾಯಣ ಆಪ್ಟೆ ಶಸ್ತ್ರ ವ್ಯಾಪಾರಿ ದಿಗಂಬರ ಬಡ್ಗೆಯ ಬಳಿ ರಿವಾಲ್ವರು, ಕೈಬಾಂಬು ಬೇಕೆಂದು ಕೇಳಿದ್ದು 10ರಂದೇ. ಗೋಡ್ಸೆ ತನ್ನ ಜೀವವಿಮೆಗೆ ಆಪ್ಟೆಯ ಹೆಂಡತಿಯನ್ನೂ ತಮ್ಮ ಗೋಪಾಲನ ಹೆಂಡತಿಯನ್ನೂ ನಾಮಿನಿ ಮಾಡಿದ್ದು 13 ಮತ್ತು 14ರಂದು. ಕೆಂಪುಕೋಟೆಯಲ್ಲಿ ನಡೆದ ವಿಚಾರಣೆಯ ದಾಖಲೆಯಲ್ಲಿ ಇದೆಲ್ಲ ಇದೆ. ಉಪವಾಸದ ಸುದ್ದಿಯೇ ಇಲ್ಲದಾಗ ಆಯುಧಕ್ಕೆ ಓಡಾಡಿದವರು ಯಾವ ಉಪವಾಸಕ್ಕೆ ಸಿಟ್ಟಾಗಿದ್ದರು?

ಸರ್ಕಾರ ಹಣ ತಡೆಹಿಡಿದದ್ದು ಗಾಂಧೀಜಿಗೆ ಸರಿಕಾಣಲಿಲ್ಲ, ನಿಜ. ವಿಭಜನೆಯಲ್ಲಿ ಪಾಕಿಸ್ತಾನಕ್ಕೆ ಕೊಡಲು ಒಪ್ಪಿಕೊಂಡಿದ್ದ 75 ಕೋಟಿಯ ಪಾಲಿನಲ್ಲಿ 20 ಕೋಟಿ ಸಂದಾಯವಾಗಿತ್ತು, ಉಳಿದದ್ದು ನಾವು ಮಾತುಕೊಟ್ಟ ಬಾಕಿ. ಆದರೆ 18ರಂದು ಅವರು ಉಪವಾಸ ಬಿಟ್ಟದ್ದು ದೆಹಲಿಯ ಮುಖಂಡರು ಸಹಿ ಹಾಕಿದ ವಾಗ್ದಾನದ ಮೇಲೆ. ಅದರಲ್ಲಿ ಮುಸ್ಲಿಮರ ಜೀವರಕ್ಷಣೆಯಿದೆ, ಮೆಹ್ರೌಲಿಯ ದರ್ಗಾದ ಉರುಸಿದೆ, ಆಕ್ರಮಿಸಿಕೊಂಡ ಮಸೀದಿಗಳ ವಾಪಸಾತಿಯಿದೆ. ದುಡ್ಡಿನ ಮಾತು ಒಂದೂ ಇಲ್ಲ.

ದೇಶ ಒಡೆದ ನೋವೇ ಕಾರಣ ಎನ್ನುವವರಿಗೆ 1934ರ ಜೂನ್ 25 ನೆನಪಿರಲಿ. ಅಂದು ಪುಣೆಯಲ್ಲಿ ಗಾಂಧೀಜಿಯವರ ಕಾರೆಂದು ತಿಳಿದು ಬಾಂಬ್ ಎಸೆದರು. ಎಸೆದವರು ಸಿಕ್ಕಲಿಲ್ಲ, ಅದನ್ನು ಗೋಡ್ಸೆಯ ತಲೆಗೆ ಕಟ್ಟುವುದೂ ಇಲ್ಲ ನಾನು. ಆಗ ಪಾಕಿಸ್ತಾನವಿರಲಿಲ್ಲ; ಗಾಂಧೀಜಿ ಅಸ್ಪೃಶ್ಯತೆಯ ವಿರುದ್ಧ ಹರಿಜನ ಯಾತ್ರೆಯಲ್ಲಿದ್ದರು. ಅವರ ಜೀವಕ್ಕೆ ಕೈಹಾಕುವ ದ್ವೇಷ ವಿಭಜನೆಗಿಂತ ಹಳೆಯದು.

ಒಬ್ಬ ಹುಚ್ಚನ ಆವೇಶವೆಂಬ ವಾದವಂತೂ ನಿಲ್ಲುವುದೇ ಇಲ್ಲ. ಜನವರಿ 20ರಂದು ಗಾಂಧೀಜಿ ತಂಗಿದ್ದ ಬಿರ್ಲಾ ಹೌಸಿನಲ್ಲಿ ಸ್ಫೋಟ ಮಾಡಿ ಸಂಚುಗಾರರಲ್ಲೊಬ್ಬನಾದ ಮದನ್‌ಲಾಲ್ ಪಹ್ವಾ ಸ್ಥಳದಲ್ಲೇ ಸಿಕ್ಕಿಬಿದ್ದ. ಮರಾಠಿ ಪತ್ರಿಕೆಯೊಂದರ ಸಂಪಾದಕನ, ಅಂದರೆ ಗೋಡ್ಸೆಯ, ಸುಳಿವನ್ನೂ ಕೊಟ್ಟ. ಹತ್ಯೆ ತಡೆಯಲು ದೆಹಲಿ, ಮುಂಬೈ ಪೊಲೀಸರ ಕೈಯಲ್ಲಿ ಹತ್ತು ದಿನವಿತ್ತು! ಆ ಹತ್ತು ದಿನಗಳನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಇದೇ ಮೊಕದ್ದಮೆಯಲ್ಲಿ ಆರೋಪಿಯಾಗಿದ್ದ ಹಿಂದುತ್ವವಾದಿ ನಾಯಕ ಸಾವರ್ಕರ್ ಅವರನ್ನು ನ್ಯಾಯಾಲಯ ಖುಲಾಸೆ ಮಾಡಿತು, ಅದನ್ನು ಮುಚ್ಚಿಡಬೇಕಿಲ್ಲ. ಹತ್ಯೆಯ ಸಂಚನ್ನು ಮತ್ತೆ ತನಿಖೆ ಮಾಡಿದ ಕಪೂರ್ ಆಯೋಗದ 1969ರ ವರದಿ ಮಾತ್ರ ಸಂಚನ್ನು ಸಾವರ್ಕರ್ ಮತ್ತು ಅವರ ಗುಂಪಿನದೆಂದೇ ಹೇಳಿತು. ಇದನ್ನೂ ಮುಚ್ಚಿಡಬೇಡಿ.

ಹತ್ಯೆಯ ನಂತರ ಮಹಾರಾಷ್ಟ್ರದಲ್ಲಿ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಬಿತ್ತು, ಅದನ್ನೇಕೆ ಹೇಳುವುದಿಲ್ಲ ಎಂದು ಕೇಳುತ್ತಾರೆ. ಹೇಳಲೇಬೇಕು. ಪುಣೆ, ಸಾತಾರಾ, ಕೊಲ್ಹಾಪುರದಲ್ಲಿ ನಡೆದದ್ದು ಘೋರ ಅಪರಾಧ, ಗಾಂಧೀಜಿಯ ಹೆಸರಿನಲ್ಲಿ ಅವರಿಗೇ ಮಾಡಿದ ದ್ರೋಹ. ಹಂತಕನ ಜಾತಿಯವರೆಂಬ ಒಂದೇ ಕಾರಣಕ್ಕೆ ನಿರಪರಾಧಿಗಳು ಅನುಭವಿಸಿದರು. ಆದರೆ ಅವರ ಸಂಕಟದಿಂದ ಗೋಡ್ಸೆಯ ಕೈಯ ರಕ್ತ ತೊಳೆದುಹೋಗುವುದಿಲ್ಲ.

ಗೋಡ್ಸೆಯ ಕೋರ್ಟ್ ಹೇಳಿಕೆಯನ್ನು ಸರ್ಕಾರ ನಿಷೇಧಿಸಿದ್ದು ತಪ್ಪು, ಈ ಮಾತಿನಲ್ಲಿ ನಾನು ಎದುರಾಳಿಗಳ ಜೊತೆಗಿದ್ದೇನೆ. ಈಗ ಅದು ಅಚ್ಚಾಗಿದೆ, ಓದಿ. ಕೊನೆಯ ಉಪವಾಸವನ್ನು ಅವನು 32 ವರ್ಷ ಕೂಡಿಬಂದ ಕೋಪದ ತುದಿ ಎನ್ನುತ್ತಾನೆ. 55 ಕೋಟಿಗೇ ಕೊಂದನೆನ್ನುವವರು ಗೋಡ್ಸೆಯ ಮಾತನ್ನೂ ನಂಬುತ್ತಿಲ್ಲ.