ಮೂರು ವಾರಗಳ ನಂತರ ಮುನಿಯುವ ಮದ್ದು

ಔಷಧವು ಒಗ್ಗದಿದ್ದರೆ ನುಂಗಿದ ಕೂಡಲೇ ತಿಳಿಯುತ್ತದೆಂಬ ನಂಬಿಕೆ ವಿದ್ಯಾವಂತ ಕುಟುಂಬಗಳಲ್ಲಿಯೂ ಬೇರೂರಿದೆ. ಪೆನಿಸಿಲಿನ್ ಚುಚ್ಚುಮದ್ದಿನ ಹಳೆಯ ಭಯವೇ ಇದಕ್ಕೆ ಮೂಲವಿದ್ದೀತು. ಆದರೆ ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಾಜೆಪಿನ್ ಮತ್ತು ಫೆನಿಟಾಯಿನ್, ಯೂರಿಕ್ ಆಮ್ಲದ ಬಾಧೆಗೆ ಕೊಡುವ ಅಲೋಪ್ಯೂರಿನಾಲ್, ಸಲ್ಫಾ ವರ್ಗದ ಕೆಲವು ಮಾತ್ರೆಗಳು ವಿರಳವಾಗಿ ಕೆಲವರಲ್ಲಿ 2ರಿಂದ 8 ವಾರಗಳ ಮೇಲೆ ಮುನಿಯುತ್ತವೆ. ಜ್ವರ, ಮುಖದ ಊತ, ಮೈತುಂಬ ಕೆಂಪು ದದ್ದು. ಒಳಗೆ ಯಕೃತ್ತಿಗೂ ಪೆಟ್ಟು. 1922ರಲ್ಲಿ ಅಮೆರಿಕದ ವೈದ್ಯರಾದ ಸ್ಟೀವನ್ಸ್ ಮತ್ತು ಜಾನ್ಸನ್ ಇಬ್ಬರು ಬಾಲಕರಲ್ಲಿ ಕಂಡು ವರ್ಣಿಸಿದ, ಕಣ್ಣು ಬಾಯಿಗಳು ಹುಣ್ಣಾಗಿ ಚರ್ಮ ಸುಲಿಯುವ ವ್ಯಾಧಿಯು ಬಹುಪಾಲು ಔಷಧದಿಂದಲೇ ಬರುತ್ತದೆಂಬುದು ಇಂದು ನಿರ್ವಿವಾದ.

ಮನೆಯವರು ಮಾಡುವುದೇನು? ಮೈ ಉಷ್ಣವಾಗಿದೆ ಎನ್ನುತ್ತಾರೆ, ಬದನೆಕಾಯಿಯನ್ನು ದೂರುತ್ತಾರೆ, ಅಮ್ಮ ಎದ್ದಿದ್ದಾಳೆಂದು ಬೇವಿನ ಸೊಪ್ಪು ತರುತ್ತಾರೆ. ಇಪ್ಪತ್ತು ದಿನ ಸುಮ್ಮನಿದ್ದ ಮಾತ್ರೆಯ ಮೇಲೆ ಯಾರಿಗೂ ಸಂಶಯ ಬಾರದು. ರೋಗಿ ಅದನ್ನು ನುಂಗುತ್ತಲೇ ಇರುತ್ತಾನೆ. ಇಂಥ ಸಮಯದಲ್ಲಿ ಒಂದು ದಿನದ ತಡವೂ ದುಬಾರಿ. ಅಂದೇ ಆಸ್ಪತ್ರೆಗೆ ಹೋಗಿ, ಸಂಶಯದ ಔಷಧವನ್ನು ವೈದ್ಯರ ಮುಂದೆ ನಿಲ್ಲಿಸಬೇಕು. ಮೂರ್ಛೆಯ ಮಾತ್ರೆಯಾದರೆ ಬದಲಿ ಔಷಧ ಬೇಕು, ಇಲ್ಲವಾದರೆ ಮೂರ್ಛೆ ಮರಳೀತು. ಕಾರ್ಬಮಾಜೆಪಿನ್ ಒಗ್ಗದವರಿಗೆ ಫೆನಿಟಾಯಿನ್ ಕೂಡ ಒಗ್ಗದಿರಬಹುದಾದ್ದರಿಂದ ಆ ಆಯ್ಕೆ ವೈದ್ಯರದೇ. ಮಾತ್ರೆ ನಿಲ್ಲಿಸಿದ ಮೇಲೂ ದದ್ದು ವಾರಗಟ್ಟಲೆ ಕಾಡಬಹುದು, ಸ್ಟೀರಾಯ್ಡ್ ತಗ್ಗಿಸುವಾಗ ಮರುಕಳಿಸಲೂಬಹುದು. ಆಗ ಧೈರ್ಯಗೆಟ್ಟು ವೈದ್ಯರನ್ನು ಬದಲಿಸುತ್ತ ಅಲೆಯುವುದು ಅವಿವೇಕ.

ಆದರೆ ಆ ಔಷಧದ ಹೆಸರೇ ತಿಳಿಯದಿದ್ದರೆ? ಇಲ್ಲಿಯೇ ನಮ್ಮ ಬಸದಿಗಳ ಟ್ರಸ್ಟುಗಳನ್ನು ಪ್ರಶ್ನಿಸಬೇಕಾಗಿದೆ. ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದೆಂದು ಶಿಬಿರ ನಡೆಸುತ್ತಾರೆ, ಸಂತೋಷ. ಆದರೆ ಕೆಲವೆಡೆ ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಕತ್ತರಿಸಿ, ಬಿಳಿಯ ಪೊಟ್ಟಣದಲ್ಲಿಟ್ಟು, "ಬೆಳಿಗ್ಗೆ ಒಂದು, ರಾತ್ರಿ ಒಂದು" ಎಂದು ಕೊಟ್ಟುಬಿಡುತ್ತಾರೆ. ಹನ್ನೊಂದು ರೂಪಾಯಿಯ ಕಾಣಿಕೆಗೆ ರಸೀದಿ ಹರಿಯುವ ಟ್ರಸ್ಟು, ಜೀವಕ್ಕೆ ಸಂಬಂಧಿಸಿದ ವಸ್ತುವಿಗೆ ಚೀಟಿ ಕೊಡದಿರುವುದು ಯಾವ ಲೆಕ್ಕ? ಶಿಬಿರದ ವೈದ್ಯರು ಮರುದಿನ ಊರಲ್ಲಿರುವುದಿಲ್ಲ. ಮೂರನೆಯ ವಾರ ದದ್ದು ಎದ್ದಾಗ ರೋಗಿಯ ಕೈಯಲ್ಲಿ ಉಳಿಯುವುದು ಖಾಲಿ ಪೊಟ್ಟಣ.

ಇಷ್ಟೆಲ್ಲ ಬರೆಯುತ್ತ ಕುಳಿತರೆ ಸಾಲು ಕರಗದು ಎಂಬ ಉತ್ತರ ಸಿದ್ಧವಾಗಿದೆ. ಹಾಗಾದರೆ ಇನ್ನೂರರ ಬದಲು ನೂರು ಜನರನ್ನೇ ನೋಡಲಿ. ಫಲಕದ ಮೇಲಿನ ಸಂಖ್ಯೆ ಕುಗ್ಗುವುದೆಂಬ ಅಳುಕು ದಾನಿಗಳದು, ರೋಗಿಗಳದಲ್ಲ. ಔಷಧದ ಹೆಸರು, ಪ್ರಮಾಣ, ಆರಂಭದ ದಿನಾಂಕ, ಮೊದಲೇ ಒಗ್ಗದ ಮದ್ದು ಯಾವುದು ಎಂಬಿಷ್ಟು ಬರೆಯಲು ಅಂಗೈಯಗಲದ ಚೀಟಿ ಸಾಕು. ಅದರ ಕೆಳಗೆ, 2010ರಲ್ಲಿ ಆರಂಭವಾದ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಶುಲ್ಕರಹಿತ ದೂರವಾಣಿ 1800-180-3024 ಅನ್ನೂ ಮುದ್ರಿಸಲಿ. ಒಗ್ಗದ ಔಷಧದ ವರದಿಯನ್ನು ಅಲ್ಲಿಗೆ ವೈದ್ಯರಷ್ಟೇ ಅಲ್ಲ, ರೋಗಿಯ ಮನೆಯವರೂ ಸಲ್ಲಿಸಬಹುದು.